ಒಂದೇ ಅಚ್ಚಿನ ಬೋರ್ಡುಗಳು

ನಾನು ಏನು ಕೆಲಸ ಮಾಡುತ್ತೇನೆಂದು ಮನೆಯವರಿಗೆ ತಿಳಿಸಿ ಹೇಳುವುದೇ ಮೊದಲ ಕೆಲವು ವರ್ಷ ನನಗೆ ದೊಡ್ಡ ಕೆಲಸವಾಗಿತ್ತು. ಮಗಳು ರಾಯಚೂರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಾಳೆಂದೇ ಅಪ್ಪ ತಿಳಿದಿದ್ದ. ಒಂದು ಸಲ ರಜೆಗೆಂದು ನಮ್ಮೂರು ಕುರ್ಡಿಗೆ ಹೋದಾಗ ಹಸಿರು ಸರ್ಕ್ಯೂಟ್ ಬೋರ್ಡೊಂದನ್ನು ಅವ್ವನ ಕೈಗೆ ಕೊಟ್ಟು, "ಇದರ ಮ್ಯಾಲ ತಾಮ್ರದ ಗೆರಿ ಅದಾವಲ್ಲ, ಅವು ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ನಾನು ಬರೀತೀನಿ" ಎಂದೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮರುದಿನ ತನ್ನ ಜೊತೆ ನಾಟಿ ಹಚ್ಚುವ ಹೆಂಗಸರಿಗೆಲ್ಲ, "ನಮ್ಮ ಹುಲಿಗೆಮ್ಮ ಕರೆಂಟಿಗೆ ದಾರಿ ಹಾಕ್ತಾಳ" ಎಂದು ಹೇಳಿಕೊಂಡು ಬಂದಳು. ಅದಕ್ಕಿಂತ ಸರಿಯಾದ ವಿವರಣೆ ನನಗೆ ಇವತ್ತಿಗೂ ಸಿಕ್ಕಿಲ್ಲ.

ನಿವೃತ್ತಿಯಾದ ಮೇಲೆ ಪಾಲಿಟೆಕ್ನಿಕ್ ಮುಗಿಸಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಯಾವ ತಂತ್ರಾಂಶ ಕಲಿತರೆ ಒಳ್ಳೆಯದು ಎಂದು ಕೇಳುತ್ತಾರೆ. ನನ್ನ ಕಾಲದಲ್ಲೇ ನಾಲ್ಕಾರು ತಂತ್ರಾಂಶ ಬಂದು ಹೋದವು. ಆ ಪ್ರಶ್ನೆಗೆ ನಾನು ಕೊಡುವ ಉತ್ತರ ಬಹಳ ದಿನ ನಿಲ್ಲುವುದಿಲ್ಲ. ಅದರ ಬದಲು ನಾನು ಯಾರ ಕೈಕೆಳಗೆ ಕೆಲಸ ಮಾಡಿದೆ, ಎಲ್ಲೆಲ್ಲಿ ನಮ್ಮ ಬೋರ್ಡು ಕೆಟ್ಟವು, ಕೆಟ್ಟಾಗ ಏನು ಮಾಡಿದೆವು ಎಂಬುದನ್ನು ಹೇಳಿದರೆ ಅವರಿಗೆ ಹೆಚ್ಚು ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಕುರ್ಡಿಯ ನಮ್ಮ ಕೇರಿಯಿಂದ ಡಿಪ್ಲೊಮಾ ಓದಿದ ಮೊದಲ ಹುಡುಗಿ ನಾನು. ಸೇರಿದ್ದು ರಾಯಚೂರಿನ ಒಂದು ಸಣ್ಣ ಕಾರ್ಖಾನೆಗೆ. ಅಕ್ಕಿ ಗಿರಣಿ, ಹತ್ತಿ ಗಿರಣಿ, ನೀರಾವರಿ ಪಂಪುಗಳಿಗೆ ಬೇಕಾದ ನಿಯಂತ್ರಣ ಪೆಟ್ಟಿಗೆಗಳನ್ನು ಅಲ್ಲಿ ಮಾಡುತ್ತಿದ್ದರು. ಪೆಟ್ಟಿಗೆಯೊಳಗಿನ ಬೋರ್ಡಿನ ವಿನ್ಯಾಸ ನಮ್ಮ ವಿಭಾಗದ್ದು. ಮುಖ್ಯಸ್ಥರು ಖಾಜಾಸಾಹೇಬರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ದನಿ ಎಂದೂ ಏರುತ್ತಿರಲಿಲ್ಲ. ಆ ವಿಭಾಗಕ್ಕೆ ಹೆಣ್ಣುಮಕ್ಕಳು ಬಂದಿದ್ದೇ ಇಲ್ಲ. ಮೊದಲ ದಿನ ನಾನು ಎತ್ತರದ ಮೇಜಿನ ಮುಂದೆ ತುದಿಗಾಲಲ್ಲಿ ನಿಂತಿದ್ದನ್ನು ಅವರು ನೋಡಿದರು. ಸಂಜೆಯೊಳಗೆ ಬಡಿಗೇರನನ್ನು ಕರೆಸಿ ನನ್ನ ಅಳತೆಗೆ ಒಂದು ಸ್ಟೂಲು ಮಾಡಿಸಿದರು. ಅಲ್ಲಿ ನನ್ನನ್ನು ಇರಗೊಡುತ್ತಾರೋ ಇಲ್ಲವೋ ಎಂಬ ಹೆದರಿಕೆ ಅಂದೇ ಹೋಯಿತು.

ಆಗ ಕಂಪ್ಯೂಟರ್ ಇರಲಿಲ್ಲ. ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಜಿನ ಮೇಲೆ ಪಾರದರ್ಶಕ ಹಾಳೆ ಹಾಸಿ, ತಾಮ್ರದ ಗೆರೆ ಎಲ್ಲೆಲ್ಲಿ ಬರಬೇಕೋ ಅಲ್ಲೆಲ್ಲ ಸಣ್ಣ ಕಪ್ಪು ಟೇಪನ್ನು ಅಂಟಿಸುತ್ತಿದ್ದೆವು. ಆ ಹಾಳೆಯ ಫೋಟೋ ತೆಗೆದು, ಅದರಿಂದ ಬೋರ್ಡು ಮಾಡುತ್ತಿದ್ದರು. ಪುಸ್ತಕದಲ್ಲಿ ಬರೆದಿರದ ಒಂದು ಸಂಕಟ ರಾಯಚೂರಿನಲ್ಲಿತ್ತು. ಬೇಸಿಗೆಯಲ್ಲಿ ಟೇಪಿನ ಅಂಟು ಕರಗಿ, ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಗೆರೆಗಳು ಜಾರಿ ಒಂದಕ್ಕೊಂದು ತಾಗುತ್ತಿದ್ದವು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿಕೊಂಡು ಕೆಲಸ ಮಾಡಿದ್ದೇವೆ. ಮುಖದ ಬೆವರು ಹಾಳೆಯ ಮೇಲೆ ಬೀಳದಂತೆ ಹಣೆಗೆ ಬಟ್ಟೆ ಬಿಗಿದುಕೊಳ್ಳುತ್ತಿದ್ದೆವು.

ಖಾಜಾಸಾಹೇಬರದು ಒಂದು ಕಟ್ಟುನಿಟ್ಟು. ಹಳೆಯ ಬೋರ್ಡಿನಲ್ಲಿದ್ದ ಭಾಗವೇ ಹೊಸ ಬೋರ್ಡಿಗೆ ಬೇಕಾಗಿದ್ದರೂ ಮತ್ತೆ ಮೊದಲಿನಿಂದ ಹಾಕಬೇಕು. ಒಮ್ಮೆ ನಾನು ಹಳೆಯ ಹಾಳೆಯನ್ನು ಕೆಳಗಿಟ್ಟು ಅದರ ಮೇಲೆಯೇ ಟೇಪು ಅಂಟಿಸುತ್ತಿದ್ದಾಗ ಹಿಂದೆ ಬಂದು ನಿಂತರು.

"ಏನ್ ಮಾಡಾಕತ್ತೀ ಅಮ್ಮಾ?"

"ಹೋದ ತಿಂಗಳದ್ದ ಅದರೀ ಇದು, ಹಂಗ ತಗೊಂಡ್ರ ಲಗೂನ ಮುಗೀತದ ಅಂತ..."

"ನಕಲು ಹೊಡ್ಯೋದು ಸಾಲಿ ಹುಡುಗರ ಕೆಲಸ. ಕೈಯಿಂದ ಹಾಕು. ಹಾಕಿದಾಗ ತಲಿಯೊಳಗ ಉಳೀತದ."

ಅವರ ಮಾತಿನಲ್ಲಿ ಅರ್ಥವಿತ್ತು. ಹಾಗೆ ಹಾಕಿ ಹಾಕಿಯೇ ನಾವೆಲ್ಲ ಕಲಿತಿದ್ದು. ಆದರೆ ಮಾನ್ವಿಯ ಒಂದು ಗಿರಣಿಯಿಂದಾಗಿ ಅವರೇ ಆ ನಿಯಮವನ್ನು ಬಿಡಬೇಕಾಯಿತು.

ಆ ಗಿರಣಿಯ ಮಾಲೀಕ ಶರಣಪ್ಪ ಎನ್ನುವವರು. ಹಸಿ ಭತ್ತವನ್ನು ಬಿಸಿಗಾಳಿಯಲ್ಲಿ ಒಣಗಿಸುವ ಎಂಟು ಕೊಠಡಿಗಳನ್ನು ಹೊಸದಾಗಿ ಕಟ್ಟಿಸಿದ್ದರು. ಪ್ರತಿ ಕೊಠಡಿಯ ಶಾಖ ಅಳೆದು, ಹೆಚ್ಚಾದರೆ ಗಾಳಿಯ ಬಿಸಿ ತಗ್ಗಿಸುವ ಬೋರ್ಡು ಬೇಕೆಂದರು. ಕೊಠಡಿ ಎಂಟು ಅಂದರೆ ಬೋರ್ಡಿನ ಮೇಲೆ ಒಂದೇ ಬಗೆಯ ಪುಟ್ಟ ಮಂಡಲ, ಅಂದರೆ ಸರ್ಕ್ಯೂಟ್, ಎಂಟು ಸಲ. ನಾನೂ ನನ್ನ ಜೊತೆಯ ಬಸವರಾಜನೂ ಹಂಚಿಕೊಂಡು ಕೂತೆವು. ಕೈ ನೋವು ಬಂದಾಗ ಒಬ್ಬರ ಜಾಗಕ್ಕೆ ಒಬ್ಬರು ಕೂರುತ್ತ, ಎಂಟನ್ನೂ ಕೈಯಿಂದಲೇ ಹಾಕಿ ಮುಗಿಸಿದೆವು. ಪರೀಕ್ಷೆ ಮಾಡಿದೆವು. ಎಲ್ಲ ಸರಿಯಿತ್ತು. ಪೆಟ್ಟಿಗೆ ಮಾನ್ವಿಗೆ ಹೋಯಿತು.

ಸುಗ್ಗಿ ಜೋರಾಗಿದ್ದಾಗ ಶರಣಪ್ಪನವರಿಂದ ಕರೆ ಬಂತು. ಖಾಜಾಸಾಹೇಬರು ನಮ್ಮಿಬ್ಬರನ್ನೂ ಕರೆದುಕೊಂಡು ಬಸ್ಸು ಹತ್ತಿದರು. ಗಿರಣಿಯ ಅಂಗಳದಲ್ಲಿ ಶರಣಪ್ಪ ಬೊಗಸೆ ತುಂಬ ಅಕ್ಕಿ ಹಿಡಿದು ನಿಂತಿದ್ದರು.

"ನೋಡ್ರಿ ಸಾಹೇಬ್ರ, ಇದಕ್ಕ ಅಕ್ಕಿ ಅಂತಾರೇನ್ರಿ? ನುಚ್ಚು ಆಗ್ಯಾದ, ನುಚ್ಚು! ಐದನೇ ಕ್ವಾಣಿ ಭತ್ತ ಎಲ್ಲಾ ಸೀದು ಕುಂತಾದ. ನಿಮ್ಮ ಡಬ್ಬಿ ನೋಡಿದ್ರ ಬಿಸಿನೇ ಇಲ್ಲ ಅಂತ ತೋರಸ್ತದ."

ಬೋರ್ಡು ಬಿಚ್ಚಿ ನೋಡಿದೆವು. ಐದನೆಯ ಮಂಡಲದಲ್ಲಿ ಮಾತ್ರ ಶಾಖ ತಿಳಿಸುವ ಸೂಕ್ಷ್ಮ ಗೆರೆ, ಬಿಸಿಗಾಳಿ ಊದುವ ಮೋಟಾರು ಚಾಲೂ ಮಾಡುವ ಗೆರೆಯ ಪಕ್ಕದಲ್ಲೇ ಹಾದಿತ್ತು. ಉಳಿದ ಏಳರಲ್ಲಿ ಅದು ಸುತ್ತಿ ದೂರದಿಂದ ಹೋಗಿತ್ತು. ಮೋಟಾರು ನಡೆದಾಗಲೆಲ್ಲ ಅದರ ಕರೆಂಟಿನ ಗದ್ದಲ ಈ ಗೆರೆಗೆ ತಾಗಿ ಶಾಖ ಕಡಿಮೆ ಎಂದು ತೋರಿಸುತ್ತಿತ್ತು. ಕಾರ್ಖಾನೆಯಲ್ಲಿ ನಾವು ಮೋಟಾರು ಜೋಡಿಸದೆ ಪರೀಕ್ಷೆ ಮಾಡಿದ್ದರಿಂದ ಗೊತ್ತಾಗಿರಲಿಲ್ಲ. ಐದನೆಯದನ್ನು ಹಾಕಿದವರು ಯಾರು ಎಂಬುದು ನನಗಾಗಲಿ ಬಸವರಾಜನಿಗಾಗಲಿ ನೆನಪಿರಲಿಲ್ಲ.

"ಇದನ್ನ ಹಾಕ್ದವರು ಯಾರು?" ಎಂದು ಶರಣಪ್ಪ ಕೇಳಿದರು.

ಖಾಜಾಸಾಹೇಬರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. "ವಿಭಾಗ ನಂದು. ತಪ್ಪೂ ನಂದ ಅದ. ಇದ ವಾರದೊಳಗ ಹೊಸ ಬೋರ್ಡು ಕೂಡಿಸಿ ಕೊಡ್ತೀನಿ. ಅಲ್ಲೀತನಕ ಐದನೇ ಕ್ವಾಣಿ ಬಂದ್ ಇಡ್ರಿ" ಎಂದರು. ಶರಣಪ್ಪ ಇನ್ನೂ ನಾಲ್ಕು ಬಿರುಸು ಮಾತಾಡಿದರು. ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡು ನಿಂತರು.

ವಾಪಸ್ಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ನಮಗೆ ಮಂಡಾಳು ಒಗ್ಗರಣಿ, ಮಿರ್ಚಿ ಕೊಡಿಸಿದರು. ಬಸ್ಸು ಹೊರಟ ಮೇಲೆ ಕಿಟಕಿಯಾಚೆಯ ಗದ್ದೆಗಳನ್ನು ನೋಡುತ್ತ ಕೂತಿದ್ದವರು ಇದ್ದಕ್ಕಿದ್ದ ಹಾಗೆ ಮಾತಾಡಿದರು.

"ಹುಲಿಗೆಮ್ಮ, ಅವತ್ತು ನಿನಗ ನಕಲು ಹೊಡೀಬ್ಯಾಡ ಅಂದಿದ್ನಲ್ಲ. ಎಂಟು ಸಲ ಹಾಕಿದ್ರ ತಪ್ಪಾಕ ಎಂಟು ದಾರಿ ಅದಾವ. ಒಂದ ಸಲ ಬರಾಬರ್ ಹಾಕಿ, ಅದನ್ನ ಎಂಟು ಸಲ ಇಡಾಕ ಬರ್ತದೇನು, ನೋಡೋಣು."

ಮೇಲಧಿಕಾರಿಯೊಬ್ಬರು ತಮ್ಮದೇ ನಿಯಮವನ್ನು ಬಸ್ಸಿನಲ್ಲಿ, ಕೈಕೆಳಗಿನವರೆದುರು, ಹೀಗೆ ಸಲೀಸಾಗಿ ಕೈಬಿಟ್ಟಿದ್ದನ್ನು ನಾನು ಮತ್ತೆಲ್ಲೂ ನೋಡಲಿಲ್ಲ. ಮರುದಿನ ಒಂದೇ ಮಂಡಲವನ್ನು ಮೂವರೂ ಸೇರಿ ಹಾಕಿದೆವು. ಅದರ ಎಂಟು ಫೋಟೋ ಪ್ರತಿ ತೆಗೆಸಿ, ಕತ್ತರಿಸಿ, ಸಾಲಾಗಿ ಅಂಟಿಸಿದೆವು. ಹೊಸ ಬೋರ್ಡಿನ ಎಂಟೂ ಕೊಠಡಿಗಳಲ್ಲಿ ಭತ್ತ ಒಂದೇ ಹದದಲ್ಲಿ ಒಣಗಿತು. ಶರಣಪ್ಪ ಆಮೇಲೆ ತಮ್ಮ ಬೀಗರ ಗಿರಣಿಗೂ ನಮ್ಮ ಪೆಟ್ಟಿಗೆಯನ್ನೇ ಹಾಕಿಸಿದರು.

ಕೆಲವು ವರ್ಷಗಳಲ್ಲಿ ಕಂಪ್ಯೂಟರ್ ಬಂತು. ಬಂದ ಕೂಡಲೇ ಸುಖ ಬಂತೆಂದು ತಿಳಿಯಬೇಡಿ. ಆಗಿನ ತಂತ್ರಾಂಶದಲ್ಲಿ ಮಂಡಲದ ನಕ್ಷೆಯನ್ನು ನಕಲು ಮಾಡಬಹುದಿತ್ತು. ನಕ್ಷೆಯೆಂದರೆ ಯಾವ ಭಾಗಕ್ಕೆ ಯಾವುದು ಜೋಡಣೆ ಎಂದು ತೋರಿಸುವ ಚಿತ್ರ ಅಷ್ಟೆ. ಬೋರ್ಡಿನ ಮೇಲೆ ಆ ಭಾಗ ಎಲ್ಲಿ ಕೂರಬೇಕು, ಗೆರೆ ಹೇಗೆ ಹಾಯಬೇಕು ಎಂಬುದು ನಕಲಿನ ಜೊತೆ ಬರುತ್ತಿರಲಿಲ್ಲ. ನಕಲು ಮಾಡಿದ ಭಾಗಗಳೆಲ್ಲ ಪರದೆಯ ಒಂದು ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಒಂದೊಂದನ್ನೇ ಎಳೆದು ಕೂರಿಸಿ, ಗೆರೆ ಹಾಕಿ, ಮತ್ತೆ ಅದೇ ಹಳೆಯ ಗೋಳು. ಟೇಪು ಕರಗುತ್ತಿರಲಿಲ್ಲ, ಕಣ್ಣು ಕರಗುತ್ತಿತ್ತು.

ಆಮೇಲೆ ಬಂದ ಒಂದು ಆವೃತ್ತಿಯಲ್ಲಿ ಸಬ್‌ಸರ್ಕ್ಯೂಟ್ ಎಂಬ ಸೌಲಭ್ಯವಿತ್ತು. ಒಂದು ಮಂಡಲದ ನಕ್ಷೆಯನ್ನೂ ಬೋರ್ಡಿನ ಮೇಲಿನ ಅದರ ವಿನ್ಯಾಸವನ್ನೂ ಗಂಟು ಹಾಕಿ ಒಂದೇ ತುಣುಕಾಗಿ ಇಟ್ಟುಕೊಳ್ಳಬಹುದಿತ್ತು. ಬೇಕಾದ ಬೋರ್ಡಿಗೆ ಅದನ್ನು ಎಳೆದು ಬಿಟ್ಟರೆ, ಭಾಗಗಳು, ಗೆರೆಗಳು, ನಡುವಿನ ಅಂತರ, ಎಲ್ಲ ಇದ್ದ ಹಾಗೇ ಬಂದು ಕೂರುತ್ತಿದ್ದವು. ಭಾಗಗಳ ಸಂಖ್ಯೆಗಳನ್ನು ತಂತ್ರಾಂಶವೇ ಹೊಸದಾಗಿ ಕೊಡುತ್ತಿತ್ತು. ಮೂಲ ತುಣುಕನ್ನು ತಿದ್ದಿದರೆ, ಅದು ಎಲ್ಲೆಲ್ಲಿ ಕೂತಿದೆಯೋ ಅಲ್ಲೆಲ್ಲ ಆ ತಿದ್ದುಪಡಿ ಹೋಗುತ್ತಿತ್ತು. ನಾವು ಅದಕ್ಕೆ ಅಚ್ಚು ಎಂದು ಹೆಸರಿಟ್ಟೆವು.

ಖಾಜಾಸಾಹೇಬರ ನಿವೃತ್ತಿ ಹತ್ತಿರವಾಗಿತ್ತು. ಅವರು ಕಂಪ್ಯೂಟರಿನ ಹತ್ತಿರ ಬರುತ್ತಿದ್ದುದು ಕಡಿಮೆ. ಅಂದು ನಾನೇ ಕರೆದೆ. ಶಾಖ ಅಳೆಯುವ ಮಂಡಲದ ಅಚ್ಚನ್ನು ಖಾಲಿ ಬೋರ್ಡಿನ ಮೇಲೆ ಬಿಟ್ಟು ತೋರಿಸಿದೆ. ಅವರು ಕನ್ನಡಕ ಏರಿಸಿ ಪರದೆಗೆ ಮುಖ ತಂದರು.

"ಗೆರಿನೂ ಬಂದ್ವೇನು?"

"ಬಂದ್ವರೀ."

"ಇನ್ನೊಮ್ಮೆ ಇಡು."

ಇಟ್ಟೆ. "ಇನ್ನೊಮ್ಮೆ" ಎಂದರು. ಮತ್ತೆ ಇಟ್ಟೆ. ಎಂಟೂ ಸಾಲಾಗಿ ಕೂತ ಮೇಲೆ ಅವರು ಪಕ್ಕದ ಕುರ್ಚಿಯಲ್ಲಿ ಕುಸಿದ ಹಾಗೆ ಕೂತು ನಗತೊಡಗಿದರು. ಅವರು ಬಾಯಿ ತೆರೆದು ನಕ್ಕಿದ್ದನ್ನು ನಾವು ನೋಡಿದ್ದು ಆವತ್ತೇ. ನಗು ನಿಂತ ಮೇಲೆ ಗಂಭೀರವಾಗಿ ಒಂದು ಮಾತು ಹೇಳಿದರು. "ಅಮ್ಮಾ, ಇದು ಭಾಳ ಚಲೋ ಅದ, ಅದಕ್ಕ ಹೆದರಿಕಿನೂ ಅದ. ಇದರೊಳಗ ತಪ್ಪು ಹೊಕ್ತಂದ್ರ ಎಲ್ಲಾ ಕಡಿ ಹೋಗ್ತದ. ಹೊರಗ ದುಡಿದು ಬಂದಿದ್ದನ್ನ ಮಾತ್ರ ಅಚ್ಚು ಮಾಡ್ರಿ."

ನಾವು ಹಾಗೆಯೇ ಮಾಡಿದೆವು. ಶಾಖದ ಅಚ್ಚು, ಪಂಪಿನ ಅಚ್ಚು, ಎಲ್ಲಕ್ಕೂ ವಿದ್ಯುತ್ ಪೂರೈಸುವ ಭಾಗದ ಅಚ್ಚು. ಈ ವಿದ್ಯುತ್ ಅಚ್ಚು ನನ್ನ ಕೈಯದು. ಮಾನ್ವಿಯ ಗಿರಣಿಗಳಲ್ಲಿ, ರಾಯಚೂರಿನ ಹತ್ತಿ ಗೋದಾಮುಗಳಲ್ಲಿ ವರ್ಷಗಟ್ಟಲೆ ದುಡಿದು ಬಂದಿತ್ತು. ಯಾವ ಹೊಸ ಬೋರ್ಡು ಬಂದರೂ ಮೊದಲು ಅದನ್ನೇ ಮೂಲೆಯಲ್ಲಿ ಕೂರಿಸಿ, ಉಳಿದದ್ದನ್ನು ಆಮೇಲೆ ಯೋಚಿಸುತ್ತಿದ್ದೆವು.

ದೇವದುರ್ಗದ ಕಡೆಯ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆಂದು ನಾವೊಂದು ಪೆಟ್ಟಿಗೆ ಮಾಡಿದ್ದೆವು. ಮಕ್ಕಳ ಲಸಿಕೆ ಇಡುವ ಫ್ರಿಜ್ಜಿಗೆ ಬರುವ ಕರೆಂಟನ್ನು ಅದು ಕಾಯಬೇಕು. ವೋಲ್ಟೇಜು ಹದ ತಪ್ಪಿದರೆ ತಡೆಯಬೇಕು, ಫ್ರಿಜ್ಜಿನ ತಂಪು ಕಡಿಮೆಯಾದರೆ ಕೂಗಬೇಕು. ಅದರಲ್ಲೂ ವಿದ್ಯುತ್ ಭಾಗ ಅದೇ ಅಚ್ಚು. ಪೆಟ್ಟಿಗೆ ಇಟ್ಟು ಕೆಲವೇ ವಾರಗಳಾಗಿತ್ತು. ಒಂದು ಕೇಂದ್ರದ ನರ್ಸು ಸಿದ್ಧಮ್ಮನವರಿಂದ ಫೋನು ಬಂತು.

"ಮೇಡಮ್ಮರೀ, ನಿಮ್ಮ ಡಬ್ಬಿ ಸುಟ್ಟ ವಾಸನಿ ಬಂದು ಸುಮ್ಮನಾಗ್ಯಾದ. ಫ್ರಿಜ್ಜೂ ಬಂದ್ ಆಗ್ಯಾದ. ನಾಳಿ ಲಸಿಕಿ ದಿನ ಅದ. ತಾಯಂದ್ರು ಕೂಸು ಎತ್ಕೊಂಡು ಅಡವಿಯೊಳಗಿಂದ ನಡಕೊಂಡು ಬರ್ತಾರ. ನಾ ಅವರಿಗೆ ಏನಂತ ಹೇಳ್ಲಿ?"

"ಲಸಿಕಿ ಎಲ್ಲಿ ಇಟ್ಟೀರಿ?" ಎಂದೆ.

"ವಾಸನಿ ಬಂದ ಕೂಡ್ಲೇ ಬರ್ಫಿನ ಪೆಟಿಗಿಯೊಳಗ ಹಾಕೀನಿ. ಇನ್ನಷ್ಟು ಬರ್ಫ್ ಬಸ್ಸಿನ ಮ್ಯಾಲ ಕಳಸ್ರೀ ಅಂತ ದೇವದುರ್ಗಕ್ಕ ಹೇಳೀನಿ. ಕಂಡಕ್ಟರ್ ನಮ್ಮವನ ಅದಾನ."

ಆ ಹೆಣ್ಣುಮಗಳ ಎಚ್ಚರದಿಂದ ಒಂದು ಶೀಶೆಯೂ ಕೆಡಲಿಲ್ಲ, ಒಂದು ಕೂಸೂ ಲಸಿಕೆಯಿಲ್ಲದೆ ಹಿಂದಿರುಗಲಿಲ್ಲ. ನನ್ನ ಕೆಲಸದ ಜೀವನದಲ್ಲಿ ನಾನು ಋಣಿಯಾಗಿರುವವರಲ್ಲಿ ಸಿದ್ಧಮ್ಮ ಒಬ್ಬರು. ಆದರೆ ಅದೇ ವಾರ ಇನ್ನೆರಡು ಕೇಂದ್ರಗಳ ಪೆಟ್ಟಿಗೆಗಳೂ ಅದೇ ರೀತಿ ಸುಟ್ಟವು.

ಖಾಜಾಸಾಹೇಬರ ಜಾಗಕ್ಕೆ ಆಗ ಪ್ರಹ್ಲಾದ್ ಎಂಬ ಹೊಸ ವ್ಯವಸ್ಥಾಪಕರು ಬಂದಿದ್ದರು. ಸುಟ್ಟ ಬೋರ್ಡುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಅವರು ಖಡಾಖಂಡಿತವಾಗಿ ಹೇಳಿದರು. "ಈ ಅಚ್ಚಿನ ಸಹವಾಸ ಸಾಕು. ಒಂದು ಕಡೆ ತಪ್ಪಿದ್ರೆ ಎಲ್ಲಾ ಕಡೆ ತಪ್ಪು. ನಾಳೆಯಿಂದ ಪ್ರತಿ ಬೋರ್ಡೂ ಬೇರೆ ಬೇರೆಯಾಗೇ ಹಾಕ್ರಿ."

"ಸರ್, ಮೊದ್ಲು ಯಾಕ ಸುಟ್ಟಾದ ಅಂತ ನೋಡಿಕೊಂಡು ಬರ್ತೀನಿ. ಆಮ್ಯಾಲ ಹೇಳ್ರಿ" ಎಂದೆ. ಅವರು ಒಪ್ಪಿದರು. ಅದಕ್ಕೂ ನಾನು ಕೃತಜ್ಞಳು; ಇಲ್ಲವೆನ್ನುವ ಅಧಿಕಾರ ಅವರಿಗಿತ್ತು.

ಸಿದ್ಧಮ್ಮನವರ ಕೇಂದ್ರ ಕರೆಂಟಿನ ಸಾಲಿನ ಕಟ್ಟಕಡೆಯ ಕಂಬದ ಹತ್ತಿರವಿತ್ತು. ಮುಂಜಾನೆಯಿಂದ ಮೀಟರು ಹಚ್ಚಿಕೊಂಡು ಕೂತೆ. ಸುತ್ತಲಿನ ಹೊಲಗಳ ಪಂಪುಗಳೆಲ್ಲ ನಡೆಯುತ್ತಿದ್ದಾಗ ವೋಲ್ಟೇಜು ಇಳಿದೇ ಇತ್ತು. ಸಿದ್ಧಮ್ಮ ನನಗೆ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಉಣ್ಣುತ್ತಿದ್ದಂತೆ ಪಂಪುಗಳಿಗೆ ಕರೆಂಟು ಕೊಡುವ ಸರದಿ ಮುಗಿದು ಎಲ್ಲವೂ ಒಟ್ಟಿಗೆ ನಿಂತವು. ಕರೆಂಟು ಎಳೆಯುವ ಪಂಪುಗಳಿಲ್ಲದೆ ಮೀಟರಿನ ಅಂಕಿ ನೋಡನೋಡುತ್ತ ಏರಿತು. ಕ್ಷಣಮಾತ್ರ ಏರಿ ಇಳಿದಿದ್ದರೆ ನಮ್ಮ ಬೋರ್ಡು ತಡೆಯುತ್ತಿತ್ತು. ಅದು ಇಳಿಯಲೇ ಇಲ್ಲ. ಹೆಚ್ಚಿನ ವೋಲ್ಟೇಜನ್ನು ಹೀರಿಕೊಳ್ಳಲೆಂದು ನಾನು ಇಟ್ಟಿದ್ದ ಬಿಲ್ಲೆಯಂಥ ಪುಟ್ಟ ಭಾಗ, ಹೀರಿ ಹೀರಿ ತಾನೇ ಕಾದು ಸುಟ್ಟುಹೋಗುತ್ತಿತ್ತು. ಪೇಟೆಯ ಗಿರಣಿ, ಗೋದಾಮುಗಳಲ್ಲಿ ಇಂಥದ್ದು ಅದಕ್ಕೆ ಎದುರಾಗಿರಲಿಲ್ಲ. ಅಚ್ಚು ಹೊರಗೆ ದುಡಿದು ಬಂದಿದ್ದು ನಿಜ. ಯಾವ ಹೊರಗೆ ಎಂದು ನಾವ್ಯಾರೂ ಕೇಳಿಕೊಂಡಿರಲಿಲ್ಲ.

ಕೈಯಲ್ಲಿ ತುತ್ತು ಹಿಡಿದು ಮೀಟರನ್ನೇ ನೋಡುತ್ತಿದ್ದ ನನಗೆ ಸಿದ್ಧಮ್ಮ, "ಸಿಕ್ತೇನ್ರಿ?" ಎಂದರು. "ಸಿಕ್ತವ್ವ" ಎಂದೆ. "ಹಂಗಾರ ಇನ್ನೊಂದು ರೊಟ್ಟಿ ಹಾಕ್ಕೊಳ್ರಿ" ಎಂದು ಬಡಿಸಿಯೇ ಬಿಟ್ಟರು.

ರಾಯಚೂರಿಗೆ ಬಂದು ಪ್ರಹ್ಲಾದ್ ಅವರ ಎದುರು ಕಂಪ್ಯೂಟರ್ ತೆರೆದೆ. ಈ ಅಚ್ಚು ಎಲ್ಲೆಲ್ಲಿ ಕೂತಿದೆ ಎಂದು ತಂತ್ರಾಂಶವನ್ನು ಕೇಳಿದೆ. ಬೋರ್ಡುಗಳ ಹೆಸರು ಒಂದರ ಕೆಳಗೊಂದು ಬಂದವು. "ಸರ್, ಬ್ಯಾರೆ ಬ್ಯಾರೆ ಹಾಕಿದ್ರ ಯಾವುದರೊಳಗ ಈ ರೋಗ ಅದ ಅಂತ ನಾವು ಹ್ಯಾಂಗ ಹುಡುಕ್ತಿದ್ವಿ? ಈಗ ಉಳಿದವು ಸುಡೂಕಿಂತ ಮೊದ್ಲ ನಮಗ ಗೊತ್ತಾಗ್ಯಾದ. ಸಾಲಿನ ಕೊನೀಗೆ ಇರೋ ಪೆಟಿಗಿ ಎಲ್ಲಾ ಇದ ವಾರ ಬದಲಿ ಮಾಡೋಣು" ಎಂದೆ. ಅವರು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. "ಮಾಡ್ರಿ, ಜೀಪು ತಗೊಂಡು ಹೋಗ್ರಿ" ಎಂದರು.

ಅಚ್ಚಿನಲ್ಲಿ ಬಿಲ್ಲೆಯನ್ನು ದೊಡ್ಡದು ಮಾಡಿದೆ. ವೋಲ್ಟೇಜು ಮಿತಿ ಮೀರಿ ನಿಂತರೆ ಬೋರ್ಡಿಗೆ ಬರುವ ಕರೆಂಟನ್ನೇ ಕತ್ತರಿಸಿಬಿಡುವ ಭಾಗವನ್ನು ಸೇರಿಸಿದೆ. ಒಂದೇ ಸಲ ತಿದ್ದಿದ್ದು ಎಲ್ಲ ಬೋರ್ಡುಗಳ ವಿನ್ಯಾಸಕ್ಕೂ ಹೋಯಿತು. ಇಲ್ಲಿ ಹೊಸಬರು ಗಮನಿಸಬೇಕಾದ್ದು ಒಂದಿದೆ. ಅಚ್ಚು ದೊಡ್ಡದಾದಾಗ ಕೆಲವು ಬೋರ್ಡುಗಳಲ್ಲಿ ಅದು ಪಕ್ಕದ ಭಾಗದ ಮೇಲೆ ಏರಿ ಕೂತಿತ್ತು. ತಂತ್ರಾಂಶ ಬದಲಾಯಿಸಿಕೊಡುತ್ತದೆ. ಪ್ರತಿ ಬೋರ್ಡನ್ನೂ ತೆರೆದು ಕಣ್ಣಿಂದ ನೋಡುವ ಕೆಲಸ ನಿಮ್ಮದೇ. ನಾವು ಎಲ್ಲವನ್ನೂ ತೆರೆದು ನೋಡಿದೆವು. ಆ ಮೇಲೆ ಸಿದ್ಧಮ್ಮನವರಿಂದ ದೂರು ಬರಲಿಲ್ಲ. ಹಬ್ಬಕ್ಕೆ ಮಾತ್ರ ಫೋನು ಬರುತ್ತಿತ್ತು.

ನನ್ನ ಕೊನೆಯ ವರ್ಷಗಳಲ್ಲಿ ಸೌಮ್ಯ ಎಂಬ ಇಂಜಿನಿಯರ್ ವಿಭಾಗಕ್ಕೆ ಬಂದಳು. ರಾಯಚೂರಿನವಳೇ, ಮಾತು ಕಡಿಮೆ, ಕೆಲಸ ಚುರುಕು. ಒಂದು ದಿನ ನನ್ನ ಎದುರು ಬಂದು ನಿಂತು ಕೈ ಹೊಸೆಯತೊಡಗಿದಳು.

"ಮೇಡಂ, ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ವಿದ್ಯುತ್ ಅಚ್ಚು ಭಾಳ ಹಳೀದಾತು. ಬಿಸಿ ಜಾಸ್ತಿ ಆಗ್ತದ, ಜಾಗಾನೂ ಜಾಸ್ತಿ ತಿಂತದ. ನಾ ಬ್ಯಾರೆ ಒಂದು ಮಾಡೀನಿ."

ನೋಡಿದೆ. ನನ್ನದರ ಅರ್ಧ ಜಾಗದಲ್ಲಿ ಕೂರುತ್ತಿತ್ತು. ನನಗೆ ಒಳಗೊಳಗೇ ಚುರುಕ್ ಎಂದಿತು. ಅಷ್ಟು ವರ್ಷ ಪ್ರತಿ ಬೋರ್ಡಿನ ಮೂಲೆಯಲ್ಲಿ ನನ್ನ ಕೈ ಇತ್ತು. ಆದರೂ ಕೇಳಬೇಕಾದ್ದನ್ನೇ ಕೇಳಿದೆ. "ಎಲ್ಲೆಲ್ಲಿ ದುಡ್ಸೀದಿ?"

"ನೀರಮಾನ್ವಿ ಹತ್ರ ಒಂದು ಪಂಪಿನ ಶೆಡ್ಡಿನ್ಯಾಗ ಬ್ಯಾಸಗಿ ಪೂರ್ತಿ ಇಟ್ಟಿದ್ನಿರಿ. ದೇವದುರ್ಗದ ಕಡೆ ಕೊನೀ ಕಂಬಕ್ಕ ಇನ್ನೊಂದು ಹಚ್ಚೀನಿ, ಇನ್ನೂ ನಡೀತದ. ಗಿರಣ್ಯಾಗ ಮೋಟಾರು ಜೋಡಿಸೇ ನೋಡೀನಿ."

ನಾನು ಕೇಳುವ ಮೊದಲೇ ಎಲ್ಲವನ್ನೂ ಮಾಡಿ ಬಂದಿದ್ದಳು. ಅವಳ ಕುರ್ಚಿಯ ಪಕ್ಕಕ್ಕೆ ನನ್ನದನ್ನು ಎಳೆದುಕೊಂಡೆ. ಒಂದೊಂದು ಗೆರೆಯನ್ನೂ ಹಿಡಿದು ಪ್ರಶ್ನೆ ಕೇಳಿದೆ. ಎರಡು ಕಡೆ ಅಂತರ ಹೆಚ್ಚಿಸು ಎಂದೆ. ಒಂದು ಕಡೆ ಒಪ್ಪಿದಳು. ಇನ್ನೊಂದು ಕಡೆ, "ಬ್ಯಾಡ್ರಿ ಮೇಡಂ, ಅದು ಇರೋದ ಬರಾಬರ್ ಅದ" ಎಂದು ಕಾರಣ ಕೊಟ್ಟಳು. ಅವಳ ಕಾರಣ ಸರಿಯಿತ್ತು.

ನಾನು ನಿವೃತ್ತಿಯಾಗುವ ವಾರ ಅಚ್ಚು ಬದಲಿಸುವುದೆಂದು ನಿರ್ಧಾರವಾಯಿತು. ಸೌಮ್ಯ ಎಲ್ಲ ಸಿದ್ಧ ಮಾಡಿಕೊಂಡು, ಕುರ್ಚಿಯಿಂದ ಎದ್ದು, "ನೀವ ಒತ್ರಿ" ಎಂದಳು. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಲೇ ಎಂದು ಪರದೆ ಕೇಳುತ್ತಿತ್ತು. ಒತ್ತಿದೆ. ಬೋರ್ಡುಗಳು ಒಂದಾದ ಮೇಲೊಂದು ತೆರೆದು ಮುಚ್ಚಿಕೊಂಡವು. ಪ್ರತಿಯೊಂದರ ಮೂಲೆಯಿಂದಲೂ ನನ್ನ ಗೆರೆಗಳು ಹೋದವು, ಅವಳವು ಬಂದು ಕೂತವು. ಅಕ್ಕಿ ಗಿರಣಿಯದು, ಹತ್ತಿ ಗೋದಾಮಿನದು, ಲಸಿಕೆಯ ಪೆಟ್ಟಿಗೆಯದು.

"ಬ್ಯಾಸರ ಆತೇನ್ರಿ?" ಎಂದು ಸೌಮ್ಯ ಮೆಲ್ಲಗೆ ಕೇಳಿದಳು.

ನಿಜ ಹೇಳಬೇಕೆಂದರೆ ಆಗಿತ್ತು. ಅಳುವೂ ಬಂದಿತ್ತು. ಆದರೆ ಪರದೆಯ ಮೇಲೆ ಪ್ರತಿ ಬೋರ್ಡಿನಲ್ಲೂ ಮೊದಲಿಲ್ಲದ ಒಂದಿಷ್ಟು ಖಾಲಿ ಜಾಗ ಕಾಣುತ್ತಿತ್ತು. ಅಲ್ಲಿ ಏನು ಇಡಬಹುದು ಎಂದು ನನ್ನ ತಲೆ ಆಗಲೇ ಲೆಕ್ಕ ಹಾಕತೊಡಗಿತ್ತು.

"ಬ್ಯಾಸರ ಇರಲಿ, ಮೊದಲನೇ ಬೋರ್ಡು ತಗಿ" ಎಂದೆ. "ಎಲ್ಲಾ ಒಂದೊಂದ ತೆರೆದು ನೋಡಬೇಕಲ್ಲ."

ಇಬ್ಬರೂ ಕೂತು ನೋಡತೊಡಗಿದೆವು.